ಮನೆಯ ಲೈಟಿಗೆ ಬಂದ ಬುದ್ಧಿ ಸಿಗ್ನಲ್‌ಗೆ ಯಾಕೆ ಬಂದಿಲ್ಲ?

ಪ್ರಶ್ನೆ: ಸರ್, ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ಮನೆ ಕಟ್ಟಿಸುತ್ತಿದ್ದೇವೆ. ಸ್ಲ್ಯಾಬ್ ಆಗಿದೆ, ವೈರಿಂಗ್ ಶುರು ಆಗಬೇಕು. ಸ್ಮಾರ್ಟ್ ಹೋಮ್ ಕಂಪನಿಯವರೊಬ್ಬರು ಬಂದು, ಮನೆ ತಾನೇ ಸಂದರ್ಭ ನೋಡಿ ಲೈಟು, ಫ್ಯಾನು, ನೀರಿನ ಮೋಟಾರು ಎಲ್ಲ ನಡೆಸುತ್ತದೆ ಅಂತ ಹೇಳಿ ಹೋದರು. ನಮ್ಮ ಅವ್ವಗೆ ಎಪ್ಪತ್ತಾರು ವರ್ಷ, ಹಗಲು ಒಬ್ಬರೇ ಇರ್ತಾರೆ. ಹಿಂಗಾಗಿ ಆಸೆ ಆಗಿದೆ. ಇನ್ನೊಂದು ಮಾತು. ನನ್ನ ಕೆಲಸ ಧಾರವಾಡದಲ್ಲಿ. ರಾತ್ರಿ ಹತ್ತರ ಮೇಲೆ ವಾಪಸ್ ಬರುವಾಗ ಒಂದು ಸಿಗ್ನಲ್‌ನಲ್ಲಿ ಎದುರಿಗೂ ಪಕ್ಕಕ್ಕೂ ಒಂದು ಗಾಡಿ ಇರೋದಿಲ್ಲ, ಆದರೂ ಎರಡು ನಿಮಿಷ ಕೆಂಪು. ಮನೆಯ ಲೈಟಿಗೆ ಬರುವ ಬುದ್ಧಿ ಈ ಸಿಗ್ನಲ್‌ಗೆ ಯಾಕೆ ಬರೋದಿಲ್ಲ? ಎರಡೂ ಒಂದೇ ತಂತ್ರಜ್ಞಾನ ಅಲ್ವಾ?

ಉತ್ತರ: ಹೌದು, ಎರಡೂ ಒಂದೇ ಜಾತಿಯವು. ಸೆನ್ಸರ್ ಏನೋ ಒಂದನ್ನು ಅಳೆಯುತ್ತದೆ. ಅದರಿಂದ ಇಲ್ಲಿ ಈಗ ಏನು ನಡೆದಿದೆ ಅಂತ ಕಂಪ್ಯೂಟರ್ ಊಹಿಸುತ್ತದೆ. ಆ ಊಹೆ ನಂಬಿ ಒಂದು ಕೆಲಸ ಮಾಡುತ್ತದೆ. ಪಡಸಾಲೆಯಲ್ಲೂ ಇಷ್ಟೇ, ಚೆನ್ನಮ್ಮ ಸರ್ಕಲ್‌ನಲ್ಲೂ ಇಷ್ಟೇ. ಬೇರೆಯಾಗುವುದು ಊಹೆ ತಪ್ಪಿದಾಗ. ಮನೆಯ ಲೈಟು ತಪ್ಪಿ ಆರಿದರೆ ನೀವು ಬೈದು ಮತ್ತೆ ಹಚ್ಚುತ್ತೀರಿ. ಸಿಗ್ನಲ್ ತಪ್ಪಿ ಎರಡು ದಿಕ್ಕಿಗೆ ಒಟ್ಟಿಗೆ ಹಸಿರು ಕೊಟ್ಟರೆ ಜನ ಸಾಯುತ್ತಾರೆ. ಆದ್ದರಿಂದ ಮನೆಗೆ ಕೊಟ್ಟಷ್ಟು ಸಲಿಗೆಯನ್ನು ಸಿಗ್ನಲ್‌ಗೆ ಯಾರೂ ಕೊಡುವುದಿಲ್ಲ. ಆದರೆ ನಿಮ್ಮ ಎರಡು ನಿಮಿಷದ ಕೆಂಪಿಗೆ ಇದು ಕಾರಣ ಅಲ್ಲ. ಅದನ್ನು ಸರಿ ಮಾಡಲು ಯಾವ ಬುದ್ಧಿವಂತ ಯಂತ್ರವೂ ಬೇಕಿಲ್ಲ. ಲೆಕ್ಕ ಮುಂದೆ ಕೊಡುತ್ತೇನೆ.

ಸೆನ್ಸರ್ ಅಳೆಯುವುದಕ್ಕೂ ಯಂತ್ರ ಊಹಿಸುವುದಕ್ಕೂ ಎಷ್ಟು ದೂರ ಇದೆ ಅಂತ ತಿಳಿಯಲು ಎರಡು ಸಿಗ್ನಲ್‌ಗಳ ಕಥೆ ಸಾಕು. 1928ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಚಾರ್ಲ್ಸ್ ಆಡ್ಲರ್ ಎಂಬವರು ಒಂದು ಸಿಗ್ನಲ್ ಹಾಕಿಸಿದರು. ಅದಕ್ಕೆ ಮೈಕ್ ಇತ್ತು. ಪಕ್ಕದ ರಸ್ತೆಯಿಂದ ಬಂದವರು ಹಾರ್ನ್ ಹೊಡೆದರೆ, ಯಾರೋ ಕಾಯುತ್ತಿದ್ದಾರೆ ಅಂತ ತಿಳಿದು ಅದು ಹಸಿರು ಕೊಡುತ್ತಿತ್ತು. 2020ರ ಜನವರಿಯಲ್ಲಿ ಮುಂಬೈ ಪೊಲೀಸರು ಒಂದು ವಿಡಿಯೋ ಬಿಟ್ಟರು. ಅಲ್ಲೂ ಸಿಗ್ನಲ್‌ಗೆ ಶಬ್ದ ಅಳೆಯುವ ಯಂತ್ರ ಕಟ್ಟಿದ್ದರು. ಶಬ್ದ 85 ಡೆಸಿಬಲ್ ದಾಟಿದರೆ ಕೆಂಪಿನ ಕೌಂಟ್‌ಡೌನ್ ಮತ್ತೆ ಮೊದಲಿಂದ ಶುರು. ಹಾರ್ನ್ ಅದೇ, ಮೈಕ್ ಹೆಚ್ಚುಕಮ್ಮಿ ಅದೇ. ಒಂದು ಕಡೆ ಹಸಿರು ಸಿಕ್ಕಿತು, ಇನ್ನೊಂದು ಕಡೆ ಶಿಕ್ಷೆ ಸಿಕ್ಕಿತು. ಶಬ್ದದ ಅರ್ಥ ಮೈಕಿನಲ್ಲಿ ಇರಲಿಲ್ಲ. ಅದನ್ನು ಮನುಷ್ಯರು ಮೊದಲೇ ಕೂತು ತೀರ್ಮಾನಿಸಿದ್ದರು. ಹುಬ್ಬಳ್ಳಿಯಲ್ಲಿ ಆಡ್ಲರ್ ಸಾಹೇಬರ ಸಿಗ್ನಲ್ ಹಾಕಿದ್ದರೆ ಏನಾಗುತ್ತಿತ್ತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಈಗ ನಿಮ್ಮ ಮನೆಗೆ ಬರೋಣ. ಕಂಪನಿಯವರು ಮೊದಲು ತೋರಿಸುವುದು ಮನುಷ್ಯ ಬಂದರೆ ಹತ್ತುವ ಲೈಟು. ಅದರೊಳಗೆ ಸಾಮಾನ್ಯವಾಗಿ ಇರುವುದು ಪಿಐಆರ್ ಸೆನ್ಸರ್. ಇದು ಮನುಷ್ಯರನ್ನು ನೋಡುವುದಿಲ್ಲ. ಗೋಡೆಗಿಂತ ಬಿಸಿಯಾದ ಏನೋ ಒಂದು ಈ ಕಡೆಯಿಂದ ಆ ಕಡೆ ಸರಿಯಿತು, ಇಷ್ಟೇ ಅದಕ್ಕೆ ಗೊತ್ತಾಗುವುದು. ಅವ್ವ ಕುರ್ಚಿಯಲ್ಲಿ ಅಲುಗಾಡದೆ ಕೂತು ಪುರಾಣ ಓದುತ್ತಿದ್ದರೆ ಅದರ ಪಾಲಿಗೆ ಕೋಣೆ ಖಾಲಿ. ಐದು ನಿಮಿಷಕ್ಕೆ ಲೈಟು ಆರುತ್ತದೆ, ಅವ್ವ ಕೈ ಬೀಸುತ್ತಾರೆ, ಮತ್ತೆ ಹತ್ತುತ್ತದೆ. ನಮ್ಮ ಕಡೆ ಇನ್ನೊಂದು ತೊಡಕಿದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗೋಡೆ ಕಾದು ಮೈಶಾಖದ ಹತ್ತಿರ ಬರುತ್ತದೆ. ಆಗ ಮನುಷ್ಯನಿಗೂ ಗೋಡೆಗೂ ಶಾಖದ ವ್ಯತ್ಯಾಸವೇ ಉಳಿಯುವುದಿಲ್ಲ, ಸೆನ್ಸರ್ ಮಂಕಾಗುತ್ತದೆ. ಡೆಮೋ ತೋರಿಸುವುದು ಎಸಿ ಹಾಕಿದ ಶೋರೂಮಿನಲ್ಲಿ. ಅಲ್ಲಿ ಇದು ಗೊತ್ತೇ ಆಗುವುದಿಲ್ಲ.

ಇದಕ್ಕಿಂತ ಚೊಲೋ ಸೆನ್ಸರ್ ಈಗ ಇದೆ. ಮಿಲಿಮೀಟರ್ ವೇವ್ ರೇಡಾರ್ ಅಂತಾರೆ. ಉಸಿರಾಡುವಾಗ ಎದೆ ಏರಿಳಿಯುವುದನ್ನೂ ಅದು ಹಿಡಿಯುತ್ತದೆ. ಆದರೆ ತಿರುಗುವ ಸೀಲಿಂಗ್ ಫ್ಯಾನು, ಗಾಳಿಗೆ ಅಲ್ಲಾಡುವ ಪರದೆ ಇವನ್ನೂ ಮನುಷ್ಯ ಅಂತ ತಿಳಿಯಬಹುದು. ಹೀಗಾಗಿ ಹಚ್ಚಿದ ಮೇಲೆ ಕೂತು ಹೊಂದಿಸಬೇಕು, ಯಾವ ದೂರದಿಂದ ಯಾವ ದೂರದವರೆಗೆ ನೋಡಬೇಕು ಅಂತ ಹೇಳಿಕೊಡಬೇಕು. ಕಂಪನಿಯವರು ಹಚ್ಚಿ ಹೋಗುತ್ತಾರೋ, ಹೊಂದಿಸಿ ಹೋಗುತ್ತಾರೋ ಅಂತ ಮೊದಲೇ ಕೇಳಿ.

ನಿಮ್ಮ ಮನೆಗೆ ನಿಜವಾದ ಅಪಾಯ ಬೇರೆ ಕಡೆ ಇದೆ. ಬಹಳ ಸ್ಮಾರ್ಟ್ ಹೋಮ್‌ಗಳು ಮನೆಯಲ್ಲಿ ಯಾರಿದ್ದಾರೆ ಅಂತ ತಿಳಿಯುವುದು ಫೋನಿನಿಂದ. ನೀವು ಫೋನ್ ಹಿಡಿದು ಧಾರವಾಡಕ್ಕೆ ಹೊರಟರೆ ಮನೆ ಖಾಲಿ ಆಯಿತು ಅಂತ ತಿಳಿದು ಎಲ್ಲ ಆರಿಸುತ್ತದೆ. ರಾತ್ರಿ ನೀವು ಉಣಕಲ್ ದಾಟಿದ ಕೂಡಲೇ ಮಾಲೀಕರು ಬಂದರು ಅಂತ ಗೀಸರ್ ಹಾಕುತ್ತದೆ. ಕೇಳಲು ಚಂದ. ಆದರೆ ಅವ್ವನ ಕೈಯಲ್ಲಿ ಸ್ಮಾರ್ಟ್‌ಫೋನ್ ಇದೆಯಾ? ಇದ್ದರೂ ಸೊಂಟದಲ್ಲಿ ಇಟ್ಟುಕೊಂಡು ಓಡಾಡುತ್ತಾರಾ? ಇಲ್ಲದಿದ್ದರೆ ಆ ಮನೆಯ ಲೆಕ್ಕದಲ್ಲಿ ಅವರು ಇಲ್ಲವೇ ಇಲ್ಲ. ನೀವು ಗೇಟು ದಾಟಿದ ಹತ್ತು ನಿಮಿಷಕ್ಕೆ ಅವರ ತಲೆ ಮೇಲಿನ ಫ್ಯಾನು ನಿಲ್ಲುತ್ತದೆ. ಈ ತಪ್ಪು ಸಾಫ್ಟ್‌ವೇರ್ ಕೆಟ್ಟದ್ದರಿಂದ ಆಗುವುದಲ್ಲ. ಮನೆ ಅಂದರೆ ಫೋನಿರುವ ಗಂಡ, ಹೆಂಡತಿ ಮಾತ್ರ ಅಂತ ಅದನ್ನು ಮಾಡಿದವರು ಅಂದುಕೊಂಡದ್ದರಿಂದ ಆಗುವುದು. ಮನೆ ಖಾಲಿ ಎಂಬ ತೀರ್ಮಾನಕ್ಕೆ ಫೋನ್ ಒಂದೇ ಸಾಕ್ಷಿ ಆಗಬಾರದು. ಬಾಗಿಲು ತೆರೆದು ಮುಚ್ಚಿದ್ದು, ಕೋಣೆಯ ಓಡಾಟ ಇವೂ ಸೇರಬೇಕು. ಅನುಮಾನ ಇದ್ದರೆ ಜನ ಇದ್ದಾರೆ ಅಂತಲೇ ಹಿಡಿಯಬೇಕು. ಒಂದು ಫ್ಯಾನು ಸುಮ್ನೆ ತಿರುಗಿದರೆ ಹೋಗುವ ಕರೆಂಟು ಎಷ್ಟು? ಅವ್ವ ಬೆವೆತು ಕೂಡುವುದಕ್ಕೆ ಹೋಲಿಸಿದರೆ ಏನೇನೂ ಅಲ್ಲ.

ಈ ಹೋಲಿಕೆಯನ್ನು ಒಬ್ಬರು ರೂಪಾಯಿ ಪೈಸೆಯ ಲೆಕ್ಕಕ್ಕೇ ತಂದಿದ್ದರು. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ ಮೈಕಲ್ ಮೋಜರ್ 1990ರ ದಶಕದಲ್ಲಿ ತಾವು ವಾಸ ಇದ್ದ ಮನೆಯನ್ನೇ ಪ್ರಯೋಗಶಾಲೆ ಮಾಡಿದರು. ಹಿಂದೆ ಶಾಲೆಯಾಗಿದ್ದ ಹಳೆ ಕಟ್ಟಡ ಅದು. ನ್ಯೂರಲ್ ನೆಟ್‌ವರ್ಕ್ ಅವರ ಓಡಾಟ ನೋಡಿ ಲೈಟು, ಕೋಣೆಯ ಶಾಖ, ಬಿಸಿನೀರು ನಡೆಸುವುದನ್ನು ಕಲಿಯುತ್ತಿತ್ತು. ನನಗೆ ಇಷ್ಟವಾಗುವುದು ಅದರ ಲೆಕ್ಕದ ರೀತಿ. ಸುಟ್ಟ ಕರೆಂಟಿಗೆ ಒಂದು ಬೆಲೆ. ಮನುಷ್ಯನಿಗೆ ಆದ ಕಿರಿಕಿರಿಗೂ ಒಂದು ಬೆಲೆ, ಅದೂ ಹಣದಲ್ಲೇ. ನೀವೇ ಎದ್ದು ಸ್ವಿಚ್ ಒತ್ತಿದರೆ ಮನೆ ತಪ್ಪು ಮಾಡಿತು ಅಂತ ಅರ್ಥ, ಅದಕ್ಕೆ ದಂಡ. ಎರಡೂ ಸೇರಿ ಕಡಿಮೆ ಆಗುವ ಹಾಗೆ ಯಂತ್ರ ನಡೆಯಬೇಕು. ಇವತ್ತು ಮಾರುವ ಎಷ್ಟೋ ಸಾಮಾನಿನಲ್ಲಿ ಮೊದಲನೆಯ ಬೆಲೆ ಮಾತ್ರ ಇದೆ. ತಿಂಗಳ ಕೊನೆಗೆ ಇಷ್ಟು ಯೂನಿಟ್ ಉಳಿಯಿತು ಅಂತ ಆ್ಯಪ್ ತೋರಿಸುತ್ತದೆ. ಅವ್ವ ಎಷ್ಟು ಸಲ ಕೈ ಬೀಸಿದರು ಅಂತ ತೋರಿಸುವುದಿಲ್ಲ.

ನೀರಿನ ಮೋಟಾರಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಊರಿಗೆ ಸ್ಮಾರ್ಟ್ ಹೋಮ್ ಬಂದರೆ ಮೊದಲು ಕಲಿಯಬೇಕಾದ ಪಾಠ ನೀರಿನದು. ಬಹಳ ಓಣಿಗಳಲ್ಲಿ ನಳ ದಿನಾ ಬರುವುದಿಲ್ಲ. ಕೆಲವು ಸಲ ಅಪರಾತ್ರಿ ಬರುತ್ತದೆ. ಸಂಪು, ಮೇಲಿನ ಟ್ಯಾಂಕು, ನಡುವೆ ಮೋಟಾರು, ಮತ್ತು ನಳ ಬರುವ ದಿನ ಮನೆಯಲ್ಲಿ ಯಾರಾದರೂ ಇರಬೇಕು ಎಂಬ ಕಟ್ಟಳೆ. ಕಂಪನಿಯವರು ಕೊಡುವುದು ಟ್ಯಾಂಕು ಖಾಲಿಯಾದರೆ ಮೋಟಾರು ಚಾಲೂ, ತುಂಬಿದರೆ ಬಂದ್. ಇದು ಹಳೆಯ ಫ್ಲೋಟ್ ಸ್ವಿಚ್ಚೂ ಮಾಡುತ್ತದೆ. ಸಂದರ್ಭ ತಿಳಿಯುವ ವ್ಯವಸ್ಥೆ ಅಂದರೆ ಅದಕ್ಕೆ ಇನ್ನೂ ನಾಲ್ಕು ವಿಷಯ ಗೊತ್ತಿರಬೇಕು. ಸಂಪಿನಲ್ಲಿ ಎಷ್ಟಿದೆ, ಹಿಂದಿನ ಸಲ ನಳ ಬಂದು ಎಷ್ಟು ದಿನ ಆಯಿತು, ಮನೆಯಲ್ಲಿ ದಿನಕ್ಕೆ ಎಷ್ಟು ಖರ್ಚು, ವೋಲ್ಟೇಜ್ ಸರಿ ಇದೆಯೋ ಇಲ್ಲವೋ. ನಳ ಬಂದು ಐದು ದಿನ ಆಗಿ ಸಂಪು ತಳ ಕಂಡಿದ್ದರೆ, ಇದ್ದದ್ದನ್ನೆಲ್ಲ ಮೇಲೆ ಎತ್ತುವುದು ಜಾಣತನ ಅಲ್ಲ. ನಿಮಗೆ ಒಂದು ಮೆಸೇಜ್ ಕಳಿಸಿ, ಅರ್ಧ ಟ್ಯಾಂಕಿಗೆ ನಿಲ್ಲಿಸಬೇಕು. ನಳದ ಪೈಪಿಗೆ ಒಂದು ಸಣ್ಣ ಫ್ಲೋ ಸೆನ್ಸರ್ ಹಾಕಿದರೆ ರಾತ್ರಿ ಎರಡಕ್ಕೆ ನೀರು ಬಂದದ್ದೂ ತಿಳಿಯುತ್ತದೆ. ಇಷ್ಟನ್ನು ಯಾವ ಬ್ರೋಷರಿನಲ್ಲೂ ಬರೆದಿರುವುದಿಲ್ಲ. ನಮ್ಮ ಊರಿನ ಹುಡುಗರ ಕೈಯಲ್ಲಿ ಕೂತು ಮಾಡಿಸಬೇಕು. ಇಂಥ ಕೆಲಸ ಬರುವ ಎಂಜಿನಿಯರಿಂಗ್ ಹುಡುಗರಿಗೆ ಇಲ್ಲಿ ಬರವಿಲ್ಲ.

ಮೋಟಾರಿಗೆ ಇನ್ನೆರಡು ಎಚ್ಚರಿಕೆ. ಅದನ್ನು ಸ್ಮಾರ್ಟ್ ಪ್ಲಗ್ಗಿಗೆ ನೇರ ಹಚ್ಚಬೇಡಿ. ಒಂದು ಎಚ್‌ಪಿ ಮೋಟಾರು ಓಡುವಾಗ ಐದಾರು ಆಂಪಿಯರ್ ಎಳೆದರೂ, ಚಾಲೂ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಪ್ಲಗ್ಗಿನೊಳಗಿನ ಪುಟ್ಟ ರಿಲೇಯ, ಅಂದರೆ ತಾನೇ ಹತ್ತಿ ಆರುವ ಸ್ವಿಚ್ಚಿನ, ತುದಿಗಳು ಬೆಸೆದು ಅಂಟಿಕೊಂಡರೆ ಆಮೇಲೆ ಆ್ಯಪಿನಲ್ಲಿ ಎಷ್ಟು ಸಲ ಬಂದ್ ಒತ್ತಿದರೂ ಮೋಟಾರು ನಿಲ್ಲುವುದಿಲ್ಲ. ನಡುವೆ ಒಂದು ಕಾಂಟ್ಯಾಕ್ಟರ್, ಅಂದರೆ ದೊಡ್ಡ ಕರೆಂಟು ತಾಳುವ ರಿಲೇ, ಹಾಕಿಸಿ. ಎರಡನೆಯದು, ಸಂಪಿನ ಸೆನ್ಸರನ್ನು ಕುರುಡಾಗಿ ನಂಬಬಾರದು. ಟ್ಯಾಂಕಿನೊಳಗಿನ ಆವಿ ಕೂತು, ಶಬ್ದದ ಅಲೆಯಿಂದ ನೀರಿನ ಮಟ್ಟ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಸುಳ್ಳು ಹೇಳುವುದುಂಟು. ನೀರಿಲ್ಲದೆ ಒಣಗಿ ಓಡುವ ಮೋಟಾರು ಎಳೆಯುವ ಕರೆಂಟು ಕಡಿಮೆ ಆಗುತ್ತದೆ. ಅದನ್ನು ಅಳೆದು ನಿಲ್ಲಿಸುವ ವ್ಯವಸ್ಥೆ ಬೇರೆ ಇರಲಿ. ಅದರ ಮೇಲೆ ಒಂದು ಕಡೆಯ ಕಟ್ಟಳೆ: ಟ್ಯಾಂಕು ತುಂಬಲು ನಲವತ್ತು ನಿಮಿಷ ಬೇಕಾದರೆ, ಯಾವ ಸೆನ್ಸರ್ ಏನೇ ಹೇಳಲಿ, ಒಂದು ತಾಸಿಗೆ ಮೋಟಾರು ಬಂದ್. ಇದೇ ರೀತಿಯ ಕಟ್ಟಳೆಯನ್ನು ನೀವು ಸಿಗ್ನಲ್‌ನಲ್ಲೂ ನೋಡುತ್ತೀರಿ.

ಅವ್ವನ ಕ್ಷೇಮದ ವಿಷಯಕ್ಕೆ ಕ್ಯಾಮೆರಾ ಹಾಕಿಸಬೇಡಿ ಅಂತ ನನ್ನ ಸಲಹೆ. ಬಾಗಿಲ ಹೊರಗೆ ಇರಲಿ, ಒಳಗೆ ಬೇಡ. ಅಡುಗೆಮನೆ, ಬಚ್ಚಲು, ಮಲಗುವ ಕೋಣೆಯಲ್ಲಿ ಓಡಾಟದ ಸೆನ್ಸರ್ ಸಾಕು. ಬೆಳಿಗ್ಗೆ ಎಂಟಾದರೂ ಅಡುಗೆಮನೆಯಲ್ಲಿ ಸದ್ದಿಲ್ಲ, ಬಚ್ಚಲಿಗೆ ಹೋಗಿ ಮುಕ್ಕಾಲು ತಾಸಾದರೂ ಹೊರಗೆ ಬಂದಿಲ್ಲ, ಇಂಥದ್ದು ಕಂಡರೆ ಮೊದಲು ಮನೆಯಲ್ಲೇ ಒಂದು ಗಂಟೆ ಬಾರಿಸಲಿ. ಅವರು ಗುಂಡಿ ಒತ್ತಿದರೆ ಸರಿ. ಇಲ್ಲದಿದ್ದರೆ ಪಕ್ಕದ ಮನೆಯವರಿಗೆ ಮತ್ತು ನಿಮಗೆ ಫೋನು. ಸುಳ್ಳು ಎಚ್ಚರಿಕೆ ಬಂದೇ ಬರುತ್ತದೆ. ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆಗೆ ನಸುಕಿನಲ್ಲೇ ಹೋದವರನ್ನು ಯಂತ್ರ ಕಾಣೆಯಾದರು ಅಂತ ತಿಳಿಯುತ್ತದೆ. ಉಪವಾಸದ ದಿನ ಅಡುಗೆಮನೆ ಸುಮ್ಮನಿದ್ದರೆ ಗಾಬರಿ ಬೀಳುತ್ತದೆ. ಕ್ಯಾಲೆಂಡರು ಕಲಿಸಿದರೆ ಕಡಿಮೆ ಆಗುತ್ತದೆ. ಇಷ್ಟೆಲ್ಲದರ ಜೊತೆಗೆ ಬಚ್ಚಲಿನಲ್ಲಿ, ನೆಲದಿಂದ ಒಂದಡಿ ಎತ್ತರದಲ್ಲಿ, ಬಿದ್ದವರ ಕೈಗೆ ಎಟಕುವ ಹಾಗೆ ಒಂದು ದಾರದ ಗಂಟೆ ಕಟ್ಟಿಸಿ. ಅದಕ್ಕೆ ಯಾವ ಊಹೆಯೂ ಬೇಕಿಲ್ಲ.

ವೈರಿಂಗ್ ಇನ್ನೂ ಆಗಿಲ್ಲ ಅಂದಿರಿ, ಒಳ್ಳೆಯದಾಯಿತು. ಪ್ರತಿ ಸ್ವಿಚ್ ಬೋರ್ಡಿಗೂ ನ್ಯೂಟ್ರಲ್ ವೈರು (ಕರೆಂಟು ಮರಳಿ ಹೋಗುವ ತಂತಿ) ತರಲು ಈಗಲೇ ಹೇಳಿ. ನಮ್ಮ ಕಡೆ ಎಲೆಕ್ಟ್ರಿಷಿಯನ್‌ಗಳು ರೂಢಿಯಂತೆ ಫೇಸ್ ಮಾತ್ರ ಬೋರ್ಡಿಗೆ ತರುವುದುಂಟು. ಬಹಳ ಸ್ಮಾರ್ಟ್ ಸ್ವಿಚ್‌ಗಳಿಗೆ ತಮ್ಮದೇ ಜೀವ ಹಿಡಿಯಲು ನ್ಯೂಟ್ರಲ್ ಬೇಕು. ಪ್ಲಾಸ್ಟರ್ ಆದ ಮೇಲೆ ನೆನಪಾದರೆ ಗೋಡೆ ಒಡೆಯಬೇಕು. ಬೋರ್ಡಿನ ಡಬ್ಬಿಯೂ ಸ್ವಲ್ಪ ಆಳದ್ದು ಇರಲಿ.

ಕಂಪನಿಯವರನ್ನು ಇನ್ನೆರಡು ಪ್ರಶ್ನೆ ಕೇಳಿ. ಇಂಟರ್ನೆಟ್ ಹೋದರೆ ಗೋಡೆಯ ಸ್ವಿಚ್ಚು ಕೆಲಸ ಮಾಡುತ್ತದಾ? ಕೆಲವು ಸಾಮಾನುಗಳು ನಿಮ್ಮ ಪಡಸಾಲೆಯ ಲೈಟು ಹಚ್ಚಲೂ ಎಲ್ಲೋ ದೂರದ ಸರ್ವರ್ ಕೇಳಿ ಬರುತ್ತವೆ. ಮನೆಯೊಳಗೇ ತೀರ್ಮಾನ ಆಗುವ ವ್ಯವಸ್ಥೆ ಬೇಕು ಅನ್ನಿ. ಸಾಮಾನುಗಳು ಒಂದರ ಜೊತೆ ಒಂದು ಮಾತಾಡುವ ಪದ್ಧತಿಗಳಲ್ಲಿ ಜಿಗ್‌ಬೀ ಆಗಲಿ, 2022ರಲ್ಲಿ ಬಂದ ಮ್ಯಾಟರ್ ಆಗಲಿ, ಈ ರೀತಿ ನಡೆಯಬಲ್ಲವು. ಎರಡನೆಯ ಪ್ರಶ್ನೆ, ಕರೆಂಟು ಹೋಗಿ ಬಂದಾಗ ಪ್ರತಿ ಸ್ವಿಚ್ಚು ಯಾವ ಸ್ಥಿತಿಗೆ ಬರುತ್ತದೆ? ಇದನ್ನು ಹೊಂದಿಸದೆ ಬಿಟ್ಟರೆ ರಾತ್ರಿ ಮೂರಕ್ಕೆ ಕರೆಂಟು ಬಂದ ಕೂಡಲೇ ಇಡೀ ಮನೆಯ ಲೈಟು ಝಗ್ಗನೆ ಹತ್ತುತ್ತವೆ. ಗೀಸರ್ ಮತ್ತು ಮೋಟಾರು ಬಂದ್ ಸ್ಥಿತಿಗೇ ಬರಬೇಕು, ದೇವರಮನೆಯ ಸಣ್ಣ ದೀಪ ಮೊದಲು ಹೇಗಿತ್ತೋ ಹಾಗೆ. ಓಡಾಟದ ದಾಖಲೆ ಎಲ್ಲಿ ಕೂಡುತ್ತದೆ ಅಂತಲೂ ತಿಳಿದುಕೊಳ್ಳಿ. ನಿಮ್ಮ ಮನೆ ಯಾವ ಹೊತ್ತು ಖಾಲಿ ಇರುತ್ತದೆ ಎಂಬುದು ಕಳ್ಳನಿಗೆ ಬೇಕಾದ ಮಾಹಿತಿ.

ಇನ್ನು ರಸ್ತೆ. ಸಿಗ್ನಲ್‌ಗಳಲ್ಲಿ ಮೂರು ತರ. ಗಡಿಯಾರದ ಪ್ರಕಾರ ನಡೆಯುವವು ಒಂದು. ಗಾಡಿ ಬಂದದ್ದು ಕಂಡು ಹಸಿರನ್ನು ಹಿಗ್ಗಿಸುವ, ಕುಗ್ಗಿಸುವವು ಇನ್ನೊಂದು. ಊರಿನ ಹತ್ತಾರು ಸಿಗ್ನಲ್‌ಗಳನ್ನು ಒಟ್ಟಿಗೆ ನೋಡಿ ಹೊಂದಿಸುವವು ಮೂರನೆಯವು. ಮೂರನೆಯದೂ ನಿನ್ನೆ ಮೊನ್ನೆಯದಲ್ಲ. ಸಿಡ್ನಿಯ ಸ್ಕ್ಯಾಟ್ಸ್, ಬ್ರಿಟನ್ನಿನ ಸ್ಕೂಟ್ ಎರಡೂ 1970ರ ದಶಕದಲ್ಲಿ ಬೆಳೆದವು. ನಮ್ಮ ದೇಶದ ಮಿಶ್ರ ಸಂಚಾರಕ್ಕೆ ಅಂತಲೇ ತಿರುವನಂತಪುರದಲ್ಲಿರುವ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಕಾಸಿಕಾಸ್ಟ್ ಎಂಬ ವ್ಯವಸ್ಥೆ ಮಾಡಿದೆ. ಬೆಂಗಳೂರಿನಲ್ಲಿ ಅದನ್ನು ಬಳಸುತ್ತಾರೆ. ಗೂಗಲ್‌ನ ಗ್ರೀನ್ ಲೈಟ್ ಬೇರೆ ದಾರಿ ಹಿಡಿದಿದೆ. ಅದು ಸಿಗ್ನಲ್ ಮುಟ್ಟುವುದಿಲ್ಲ. ನಕ್ಷೆಯಲ್ಲಿ ಗಾಡಿಗಳು ನಿಂತು ಹೊರಡುವುದನ್ನು ನೋಡಿ, ಈ ಸಿಗ್ನಲ್‌ನಲ್ಲಿ ಈ ಹೊತ್ತಿಗೆ ಇಷ್ಟು ಸೆಕೆಂಡು ಬದಲಿಸಿ ಅಂತ ಎಂಜಿನಿಯರರಿಗೆ ಸಲಹೆ ಕೊಡುತ್ತದೆ. ಬೆಂಗಳೂರು, ಹೈದರಾಬಾದ್, ಕೋಲ್ಕತ್ತದಲ್ಲಿ ಇದನ್ನು ಬಳಸಿದ್ದಾರೆ. ಬದಲಿಸುವುದು, ಬಿಡುವುದು ಮನುಷ್ಯರ ಕೈಯಲ್ಲೇ ಇರುತ್ತದೆ. ನನಗೆ ಈ ಹದ ಸರಿ ಅನಿಸುತ್ತದೆ.

ಹಾಗಾದರೆ ಇಂಥದ್ದು ನಮ್ಮ ರಸ್ತೆಗೆ ಬಂದರೆ ಎಲ್ಲ ಸರಿ ಹೋಗುತ್ತದಾ? ಅಷ್ಟು ಸುಲಭ ಇಲ್ಲ. ಹೊರದೇಶದ ವ್ಯವಸ್ಥೆಗಳು ರಸ್ತೆಯಡಿ ಹೂತ ತಂತಿಯ ಸುರುಳಿಯನ್ನು ನಂಬಿದ್ದವು. ಮೇಲೆ ಲೋಹದ ಗಾಡಿ ಬಂದರೆ ಸುರುಳಿಗೆ ತಿಳಿಯುತ್ತದೆ. ಆದರೆ ಗಾಡಿ ತನ್ನ ಸಾಲಿನಲ್ಲೇ ಬರಬೇಕು. ನಮ್ಮಲ್ಲಿ ಬೈಕುಗಳು ಬಸ್ಸು ಕಾರುಗಳ ಸಂದಿಯಲ್ಲಿ ಸೋಸಿ ಬಂದು ಗೆರೆಯ ಮುಂದೆ ನಿಲ್ಲುತ್ತವೆ. ಟಂಟಂ ಆಟೋ ಎರಡು ಸಾಲಿನ ನಡುವೆ ನಿಂತಿರುತ್ತದೆ. ಮತ್ತೆ ಪೈಪಿಗೋ ಕೇಬಲ್ಲಿಗೋ ಒಮ್ಮೆ ರಸ್ತೆ ಅಗೆದರೆ ಸುರುಳಿ ಕತೆ ಮುಗಿಯಿತು. ಹೀಗಾಗಿ ಕ್ಯಾಮೆರಾ ಬಂತು. ಅದಕ್ಕೆ ಬಸ್ಸಿನ ಹಿಂದಿನ ಹತ್ತು ಬೈಕು ಕಾಣುವುದಿಲ್ಲ. ಮಳೆ, ಎದುರಿನ ಹೆಡ್‌ಲೈಟು, ಲೆನ್ಸಿನ ಮೇಲೆ ಕೂತ ಧೂಳು ಎಲ್ಲವೂ ಲೆಕ್ಕ ಕೆಡಿಸುತ್ತವೆ. ಹುಬ್ಬಳ್ಳಿಯಲ್ಲಿ ಕ್ಯಾಮೆರಾ ಕೊಳ್ಳುವ ಟೆಂಡರಿನಲ್ಲಿ ಅದನ್ನು ಒರೆಸುವವರ ಸಂಬಳವನ್ನೂ ಬರೆಯಬೇಕು. ನಗೆಮಾತಲ್ಲ, ನಿಜಕ್ಕೂ ಹೇಳುತ್ತಿದ್ದೇನೆ.

ಕ್ಯಾಮೆರಾ ಎಲ್ಲ ಗಾಡಿ ಸರಿಯಾಗಿ ಎಣಿಸಿತು ಅಂತಲೇ ಇಟ್ಟುಕೊಳ್ಳಿ. ಆಗಲೂ ಒಂದು ದೊಡ್ಡ ತಪ್ಪು ಊಹೆ ಕಾದಿರುತ್ತದೆ. ರಂಗಪಂಚಮಿಯ ದಿನವೋ, ಗಣಪತಿ ಕಳಿಸುವ ರಾತ್ರಿಯೋ ಮುಂದಿನ ರಸ್ತೆ ಮೆರವಣಿಗೆಯಿಂದ ತುಂಬಿದೆ. ಸಿಗ್ನಲ್‌ನಲ್ಲಿ ಗಾಡಿಗಳ ಸಾಲು ಉದ್ದ ಆಗುತ್ತದೆ. ಸಾಲು ಉದ್ದ ಇದ್ದರೆ ಹಸಿರು ಜಾಸ್ತಿ ಕೊಡಬೇಕು ಅಂತ ಯಂತ್ರಕ್ಕೆ ಕಲಿಸಿದ್ದಾರೆ. ಕೊಡುತ್ತದೆ. ಗಾಡಿಗಳು ಮುಂದೆ ಹೋಗಲು ಜಾಗ ಇಲ್ಲದೆ ಸರ್ಕಲ್ಲಿನ ನಟ್ಟನಡುವೆ ನಿಲ್ಲುತ್ತವೆ. ಈಗ ಅಡ್ಡ ರಸ್ತೆಗೂ ದಾರಿ ಇಲ್ಲ. ಅಲ್ಲೂ ಸಾಲು ಬೆಳೆಯುತ್ತದೆ, ಯಂತ್ರ ಅದಕ್ಕೂ ಹಸಿರು ಕೊಡುತ್ತದೆ, ಗಂಟು ಇನ್ನೂ ಬಿಗಿಯಾಗುತ್ತದೆ. ಸರ್ಕಲ್ಲಿನಲ್ಲಿ ನಿಂತ ಪೊಲೀಸಪ್ಪ ಇದನ್ನು ಮಾಡುವುದಿಲ್ಲ. ಅವರು ಮುಂದಿನ ರಸ್ತೆ ನೋಡುತ್ತಾರೆ, ವೈರ್‌ಲೆಸ್ಸಿನಲ್ಲಿ ಮೆರವಣಿಗೆ ಎಲ್ಲಿದೆ ಅಂತ ಕೇಳುತ್ತಾರೆ, ಇತ್ತ ಕೈ ಅಡ್ಡ ಹಿಡಿಯುತ್ತಾರೆ. ಅವರಿಗೆ ಗೊತ್ತಿರುವುದು ಸಾಲಿನ ಉದ್ದ ಅಲ್ಲ, ಸಾಲಿನ ಕಾರಣ. ಒಳ್ಳೆಯ ವ್ಯವಸ್ಥೆಗೆ ಬರುವ ದಾರಿಯಷ್ಟೇ ಹೋಗುವ ದಾರಿಯೂ ಕಾಣಬೇಕು. ಮುಂದೆ ಜಾಗ ಇಲ್ಲದಿದ್ದರೆ ಹಸಿರು ಬೇಡ ಎಂಬ ಕಟ್ಟಳೆ ಎಲ್ಲಕ್ಕಿಂತ ಮೇಲಿರಬೇಕು. ಮೆರವಣಿಗೆ, ಜಾತ್ರೆ, ದೊಡ್ಡ ಸಭೆಗಳ ಪಟ್ಟಿ ಪೊಲೀಸರ ಹತ್ತಿರ ಮೊದಲೇ ಇರುತ್ತದೆ. ಅದನ್ನು ಯಂತ್ರಕ್ಕೆ ಕೊಡುವುದು ಹತ್ತು ಹೊಸ ಕ್ಯಾಮೆರಾಗಿಂತ ಅಗ್ಗ.

ಯಾರನ್ನು ಎಣಿಸಬೇಕು ಎಂಬುದೂ ತೀರ್ಮಾನದ ಮಾತು. ನೀವು ದಿನಾ ಓಡಾಡುವ ಹುಬ್ಬಳ್ಳಿ–ಧಾರವಾಡ ರಸ್ತೆಯನ್ನೇ ನೋಡಿ. ಸುಮಾರು 22 ಕಿಲೋಮೀಟರ್ ಬಿಆರ್‌ಟಿಎಸ್ (ವೇಗದ ಬಸ್ ಸಾರಿಗೆ) ದಾರಿ, ನಡುವೆ ಚಿಗರಿ ಬಸ್ಸಿಗೆ ಅಂತಲೇ ಬೇರೆ ಪಥ. ಸಂಚಾರ ಎಂಜಿನಿಯರಿಂಗ್ ಲೆಕ್ಕದಲ್ಲಿ ಎಲ್ಲ ಗಾಡಿಯನ್ನೂ ಕಾರಿನ ಅಳತೆಗೆ ಇಳಿಸುತ್ತಾರೆ. ಬೈಕು ಅಂದರೆ ಅರ್ಧ, ಮುಕ್ಕಾಲು ಕಾರು. ಬಸ್ಸು ಅಂದರೆ ಎರಡು, ಮೂರು ಕಾರು. ಇದು ರಸ್ತೆಯಲ್ಲಿ ಹಿಡಿಯುವ ಜಾಗದ ಲೆಕ್ಕ, ಜನರ ಲೆಕ್ಕ ಅಲ್ಲ. ಅರವತ್ತು ಜನ ತುಂಬಿದ ಚಿಗರಿಗೂ, ಒಬ್ಬೊಬ್ಬರೇ ಕೂತ ಮೂರು ಕಾರಿಗೂ ಒಂದೇ ತೂಕ ಬೀಳುತ್ತದೆ. ಬಸ್ಸಿನ ಜಿಪಿಎಸ್ ನೋಡಿ, ಅದು ಸಿಗ್ನಲ್ ಹತ್ತಿರ ಬಂದಾಗ ಹಸಿರನ್ನು ಐದಾರು ಸೆಕೆಂಡು ಹಿಗ್ಗಿಸುವುದು ಅಥವಾ ಕೆಂಪನ್ನು ಬೇಗ ಮುಗಿಸುವುದು ಗೊತ್ತಿರುವ ತಂತ್ರ. ಇನ್ನೂ ಜಾಣ ವ್ಯವಸ್ಥೆ ಬಸ್ಸು ತಡವಾಗಿದ್ದರೆ, ತುಂಬಿದ್ದರೆ ಮಾತ್ರ ಈ ಸವಲತ್ತು ಕೊಡುತ್ತದೆ. ಖಾಲಿ ಬಸ್ಸಿಗೆ ಅಡ್ಡ ರಸ್ತೆಯವರನ್ನು ಕಾಯಿಸುವುದರಲ್ಲಿ ಅರ್ಥ ಇಲ್ಲ.

ನಡೆಯುವವರನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಚಿಗರಿ ನಿಲ್ದಾಣಗಳು ರಸ್ತೆಯ ನಡುವೆ ಇವೆ. ಬಸ್ಸು ಹತ್ತುವ ಪ್ರತಿಯೊಬ್ಬರೂ ಅರ್ಧ ರಸ್ತೆ ದಾಟಲೇಬೇಕು. ಸೆಕೆಂಡಿಗೆ 1.2 ಮೀಟರ್ ನಡಿಗೆ ಅಂತ ಲೆಕ್ಕ ಹಾಕುವುದು ರೂಢಿ. 12 ಮೀಟರಿಗೆ 10 ಸೆಕೆಂಡು ಆಯಿತು. ನಿಮ್ಮ ಅವ್ವ ಸೆಕೆಂಡಿಗೆ 0.8 ಮೀಟರ್ ನಡೆದರೆ ಅವರಿಗೆ 15 ಬೇಕು. ಕ್ಯಾಮೆರಾ ಇರುವ ಸಿಗ್ನಲ್‌ಗೆ ಇನ್ನೂ ನಡುರಸ್ತೆಯಲ್ಲಿ ಒಬ್ಬರಿದ್ದಾರೆ ಅಂತ ಕಂಡು ಐದು ಸೆಕೆಂಡು ತಡೆಯುವುದು ಕಷ್ಟ ಅಲ್ಲ. ಸಂದರ್ಭ ಅರಿಯುವ ಸಿಗ್ನಲ್ ಅಂತ ಯಾರಾದರೂ ಮಾರಲು ಬಂದರೆ ನಾನು ಮೊದಲು ಇದನ್ನೇ ಮಾಡಿ ತೋರಿಸಿ ಅನ್ನುತ್ತೇನೆ.

ಈಗ ಸಲಿಗೆ ಕೊಡುವುದಿಲ್ಲ ಅಂದೆನಲ್ಲ, ಅದು. ಸಿಗ್ನಲ್ ಡಬ್ಬಿಯೊಳಗೆ ಲೆಕ್ಕ ಹಾಕುವ ಯಂತ್ರದ ಜೊತೆಗೆ ಕಾವಲಿನ ವ್ಯವಸ್ಥೆ ಬೇರೆ ಇರುತ್ತದೆ. ಒಂದಕ್ಕೊಂದು ಅಡ್ಡ ಬರುವ ದಿಕ್ಕಿನ ಎರಡು ಹಸಿರು ಒಟ್ಟಿಗೆ ಬಂದರೆ ಅದು ಲೆಕ್ಕದ ಯಂತ್ರವನ್ನು ಕೇಳುವುದಿಲ್ಲ, ನೇರ ಹಳದಿ ಮಿಟುಕಿಸುತ್ತದೆ. ಹಸಿರು ಕಡಿಮೆ ಅಂದರೆ ಇಷ್ಟು ಸೆಕೆಂಡು ಇರಬೇಕು, ಆಮೇಲೆ ಹಳದಿ, ಆಮೇಲೆ ಒಂದೆರಡು ಸೆಕೆಂಡು ಎಲ್ಲ ಕಡೆ ಕೆಂಪು. ಇವನ್ನು ಯಾವ ಎಐ ಕೂಡ ಮುಟ್ಟಲು ಬಿಡಬಾರದು. ಕಲಿಯುವ ಬುದ್ಧಿಗೆ ಈ ಬೇಲಿಯೊಳಗೆ ಎಷ್ಟು ಬೇಕಾದರೂ ಆಡಲು ಬಿಡಿ. ಕ್ಯಾಮೆರಾ ಕೆಟ್ಟರೆ ತಾನಾಗಿ ಗಡಿಯಾರದ ಪಟ್ಟಿಗೆ ಮರಳಬೇಕು. ಕಲಿಯುವ ಸಿಗ್ನಲ್‌ನಿಂದ ನಮ್ಮ ಜನಕ್ಕೆ ಒಂದು ಕಿರಿಕಿರಿ ಇದೆ. ಹಸಿರಿನ ಅವಧಿ ಕ್ಷಣಕ್ಷಣಕ್ಕೆ ಬದಲಾದರೆ ಸೆಕೆಂಡು ತೋರಿಸುವ ಕೌಂಟ್‌ಡೌನ್ ಬೋರ್ಡು ಸುಳ್ಳಾಗುತ್ತದೆ. ಒಂದೋ ಬೋರ್ಡು ಬೇಕು, ಇಲ್ಲ ಬುದ್ಧಿ ಬೇಕು. ಕಡೆಯ ಕೆಲವು ಸೆಕೆಂಡು ಮಾತ್ರ ತೋರಿಸುವುದು ನಡುವಿನ ದಾರಿ.

ಕಡೆಗೆ ನಿಮ್ಮ ಎರಡು ನಿಮಿಷ. ಬ್ರಿಟನ್ನಿನ ಎಫ್.ವಿ. ವೆಬ್‌ಸ್ಟರ್ 1958ರಲ್ಲಿ ಒಂದು ಸೂತ್ರ ಕೊಟ್ಟರು, ಇವತ್ತಿಗೂ ಎಂಜಿನಿಯರರು ಅದನ್ನೇ ಮೊದಲು ಹಚ್ಚುತ್ತಾರೆ. ಸಿಗ್ನಲ್‌ನ ಒಂದು ಸುತ್ತು ಎಷ್ಟು ಸೆಕೆಂಡು ಇರಬೇಕು ಅಂದರೆ: ಬದಲಾವಣೆಯಲ್ಲಿ ವ್ಯರ್ಥ ಆಗುವ ಸಮಯವನ್ನು ಒಂದೂವರೆಯಿಂದ ಗುಣಿಸಿ, 5 ಕೂಡಿಸಿ. ಅದನ್ನು ಒಂದರಲ್ಲಿ ಗಾಡಿಗಳ ಒತ್ತಡ (ಸಿಗ್ನಲ್ ದಾಟಿಸಬಲ್ಲ ಗಾಡಿಗಳಲ್ಲಿ ಎಷ್ಟು ಪಾಲು ಬರುತ್ತಿವೆ ಎಂಬುದು) ಕಳೆದು ಉಳಿದದ್ದರಿಂದ ಭಾಗಿಸಿ. ನಾಲ್ಕು ದಿಕ್ಕಿಗೆ ತಲಾ 4 ಸೆಕೆಂಡು ವ್ಯರ್ಥ ಅಂದರೆ 16. ಒಂದೂವರೆ ಪಟ್ಟು 24, ಐದು ಕೂಡಿದರೆ 29. ಸಂಜೆ ಆರರ ಗದ್ದಲಕ್ಕೆ ಒತ್ತಡ 0.75 ಅಂತ ಹಿಡಿಯೋಣ. 29 ಭಾಗ 0.25, ಅಂದರೆ 116 ಸೆಕೆಂಡು. ರಾತ್ರಿ ಹತ್ತೂವರೆಗೆ ಒತ್ತಡ 0.3ಕ್ಕೆ ಇಳಿದಿದೆ. 29 ಭಾಗ 0.7, ಸುಮಾರು 41 ಸೆಕೆಂಡು. ಇಡೀ ಸುತ್ತೇ 41. ನೀವು ಎರಡು ನಿಮಿಷ ಬರೀ ಕೆಂಪಿನಲ್ಲಿ ನಿಲ್ಲುತ್ತೀರಿ ಅಂದರೆ ಅಲ್ಲಿ ಸಂಜೆಯ ಪಟ್ಟಿಯೋ, ಅದಕ್ಕಿಂತ ಉದ್ದದ್ದೋ ರಾತ್ರಿಯೂ ಓಡುತ್ತಿರಬೇಕು. ಗಡಿಯಾರದ ಸಾದಾ ಸಿಗ್ನಲ್‌ಗೂ ಹೊತ್ತಿಗೊಂದು ಪಟ್ಟಿ ಹಾಕಲು ಬರುತ್ತದೆ. ತೀರಾ ಖಾಲಿ ರಸ್ತೆಯಾದರೆ ಹಳದಿ ಮಿಟುಕಿಸಿ ಬಿಡುವುದೂ ರೂಢಿಯಲ್ಲಿದೆ.

ಸಂಚಾರ ಪೊಲೀಸ್ ಠಾಣೆಗೆ ಒಂದು ಅರ್ಜಿ ಕೊಡಿ. ಸಿಗ್ನಲ್ ಕೆಟ್ಟಿದೆ ಅಂತ ಸುಮ್ನೆ ಬರೆದರೆ ಯಾರೋ ಬಂದು ಬಲ್ಬು ನೋಡಿ ಹೋಗುತ್ತಾರೆ. ಯಾವ ಸರ್ಕಲ್, ಯಾವ ಕಡೆಯಿಂದ ಬರುವಾಗ, ಎಷ್ಟು ಗಂಟೆಗೆ, ಕೆಂಪು ಎಷ್ಟು ಸೆಕೆಂಡು, ಆ ಹೊತ್ತಿಗೆ ಅಡ್ಡ ರಸ್ತೆಯಲ್ಲಿ ಎಷ್ಟು ಗಾಡಿ ಹೋದವು ಅಂತ ಒಂದು ವಾರ ಗುರುತು ಹಾಕಿಕೊಳ್ಳಿ. ಗಾಡಿ ನಿಂತಾಗಲೇ ಬರೆಯಿರಿ, ಓಡಿಸುವಾಗ ಬೇಡ. ಅದರ ಕೆಳಗೆ "ರಾತ್ರಿ 10ರ ನಂತರ ಬೇರೆ ಟೈಮಿಂಗ್ ಪ್ಲಾನ್ ಹಾಕಬೇಕು" ಎಂದು ಒಂದೇ ಸಾಲು ಬರೆದು ಕೊಡಿ. ಈ ಕೆಲಸಕ್ಕೆ ಹೊಸ ಸಾಮಾನು ಕೊಳ್ಳುವುದು ಏನೂ ಇಲ್ಲ, ಡಬ್ಬಿ ತೆರೆದು ಪಟ್ಟಿ ಬದಲಿಸುವುದಷ್ಟೇ. ಅಲ್ಲಿಯವರೆಗೆ, ರಸ್ತೆ ಎಷ್ಟೇ ಖಾಲಿ ಇದ್ದರೂ, ಕೆಂಪು ದಾಟಬೇಡಿ. ಅಡ್ಡ ರಸ್ತೆಯಲ್ಲಿ ಬರುವವನು ತನಗೆ ಹಸಿರಿದೆ ಅಂತ ನಂಬಿಕೊಂಡು ಜೋರಾಗಿಯೇ ಬರುತ್ತಿರುತ್ತಾನೆ.